ಮೊದಲ ಕಾಲು

ವಾಡಿ ಜಂಕ್ಷನ್ನಿನ ಮಂದಿ ನಾಲಿಗಿಗೆ
ಮ್ಯಾಕ್‌ರೇ ಅನ್ನೋದು ಹೊರಳಲಿಲ್ಲ.
ಮಕ್ಕರಿ ಸಾಹೇಬ ಅಂದರು.
ಬುಟ್ಟಿಯ ಹೆಸರಿನವ ಲೋಕೋ ಶೆಡ್ಡಿನ ಫೋರ್‌ಮನ್,
ಬುಟ್ಟಿ ಹೊರುವವ ನನ್ನ ಮುತ್ಯಾ, ಸೈಬಣ್ಣ.

ಸಾಹೇಬನ ಊರು ಸ್ಕಾಟ್‌ಲೆಂಡ್.
ಅಲ್ಲಿ ಬಿಸಲೇ ಇಲ್ಲಂತ, ಗಂಡಸರೂ ನೆರಿಗಿ ಉಡತಾರಂತ,
ಕುರಿ ಹೊಟ್ಟ್ಯಾಗ ಜವಿ ತುಂಬಿ ಕುದಸತಾರಂತ.
ಬಾವರ್ಚಿ ಖಾಸಿಮ ಹೇಳಿದ್ದು, ಅರ್ಧ ನಂಬಬೇಕು.
"ಅದರಾಗೇನದ, ನಾವೂ ಬೋಟಿ ತಿಂತೀವಲ್ಲ" ಅಂದಿದ್ದಳಂತ ಆಯಿ.

ಡಿಸೆಂಬರ್ ಕಡೀ ದಿನ, ಹೊತ್ತು ಮುಳುಗೂದರಾಗ
ಬಂಗ್ಲೆದ ಒಲಿ ಬೂದಿ ಪೂರಾ ಬಳದು ಹೊರಗ ಚೆಲ್ಲಬೇಕು,
ಕೈಗಡ ಇದ್ದರ ತೀರಿಸಬೇಕು.
ಕಿರಾಣಿ ಮುರಳೀಧರಗ ಸಾಹೇಬ ತಾನೇ ನಡಕೊಂಡು ಹೋಗಿ
ಎಂಟಾಣೆ ಕೊಟ್ಟು ಬಂದದ್ದು
ಉಗಾದಿ ತನಕ ಮಾತಾಗಿತ್ತು.

ಆಮ್ಯಾಲ, ಹನ್ನೆರಡಕ್ಕ,
ಎತ್ತರದವ, ಕರ್ರಗನ ಗಂಡಸು,
ಕಲ್ಲಿದ್ದಲಿ ಒಂದು ಹೆಂಟಿ, ಉಪ್ಪು, ರೊಟ್ಟಿ ಹಿಡಕೊಂಡು
ಮುಂಬಾಗಲದಿಂದ ಒಳಗ ಬರಬೇಕು.
ವರ್ಷದ ಮೊದಲ ಕಾಲು ಅವಂದೇ ಆಗಬೇಕು.
ಕೆಂಗೂದಲದವ ಹೊಸ್ತಿಲ ದಾಟಿದರ ಕೇಡು.

ಸಾಹೇಬನ ತಲಿ ನೋಡಿದರ ಮೆಕ್ಕಿಜ್ವಾಳದ ಜುಟ್ಟು.
ತನ್ನ ಮನಿಗೆ ತಾನೇ ಅಪಶಕುನ!
ಅಂಗಳದ ಥಂಡಿಯೊಳಗ ಕೈ ತಿಕ್ಕೋತ
ನನ್ನ ಮುತ್ಯಾನ ದಾರಿ ಕಾಯತಿದ್ದ.

ನಾಲವಾರದಾಗ, ನಸಿಕಿನಾಗ, ಮುತ್ಯಾ ಎದುರು ಬಂದರ
ಗೌಡರ ಗಾಡಿ ಹೊಳ್ಳಿ ಮನಿಗೆ ಹೋಗ್ತಿತ್ತು.
ಇಲ್ಲಿ ಅದೇ ಮೈಬಣ್ಣಕ್ಕ
ಗಡಿಯಾರ ಹನ್ನೆರಡು ಸಲ ಬಡದು
ಬಾಗಲ ತಗೀತಿತ್ತು.

"ಬೆಂಕಿಗೆ ಕಲ್ಲಿದ್ದಲಿ ಹಾಕೂ ತನಕ ಮಾತಾಡಬ್ಯಾಡ."
ಮುತ್ಯಾಗ ಅದೇನು ದೊಡ್ಡದಲ್ಲ.
ಆ ಮನ್ಯಾಗ ಎಂದು ಮಾತಾಡಿದ್ದ?

ಹೆಂಟಿ ಕೆಂಡಕ್ಕ ಬಿತ್ತು.
ಸಾಹೇಬ ಗಿಲಾಸು ಎತ್ತಿ ತನ್ನ ಭಾಷಾದಾಗ ಏನೋ ಅಂದ,
ಖಾಸಿಮ ಬಿಡಿಸಿ ಹೇಳಿದ:
ನಿನ್ನ ಮನಿ ಹೊಗಿಕೊಳವಿ ಭಾಳ ದಿನ ಹೊಗಿಯಾಡಲಿ.
ಮುತ್ಯಾನ ಮನಿಗೆ ಹೊಗಿಕೊಳವಿ ಇರಲಿಲ್ಲ.
ಹೊಗಿ ಇತ್ತು.

ಒಂದು ಗುಟುಕು ದಾರು, ಒಂದು ಬೆಳ್ಳಿ ರೂಪಾಯಿ,
ಹುಣಸಿಹಣ್ಣು ಬೆಲ್ಲ ಕೂಡಿಸಿ ಸುಟ್ಟಂಗಿದ್ದ
ಕರೀ ಕೇಕಿನ ತುಂಡು.
ಆಮ್ಯಾಲ ಹಿತ್ತಲ ಬಾಗಲದಿಂದ ಹೊರಗ.
ಹಳೀ ವರ್ಷ ಹೋಗೂ ಬಾಗಲ ಅದು,
ಮುತ್ಯಾ ದಿನಾ ಬರೂ ಬಾಗಲ.

ಮರುದಿನ ಮುಂಜಾನಿ
ತೊಳೆದ ಫರ್ಶಿ ಮ್ಯಾಲ ಹನ್ನೊಂದು ಕರೀ ಹೆಜ್ಜಿ.
ಒರಸಲಿಕ್ಕ ಕರೆದದ್ದು ಕಸಮುಸುರಿ ಮಾಡೂ ನಾಗಿಂದ್ರಮ್ಮನ್ನ,
ಅಂದರ ನನ್ನ ಆಯಿನ್ನ.
ಎಡಗಾಲ ಕಿರುಬೆರಳು ನೆಲಕ್ಕ ಹತ್ತಿಲ್ಲ,
ಶೆಡ್ಡಿನಾಗ ಚಕ್ರಕ್ಕ ಸಿಕ್ಕಿದ್ದು ಅದು.
ಆಕಿ ಗುರತು ಹಿಡದಳು. ಯಾರಿಗೂ ಹೇಳಲಿಲ್ಲ.
ಹತ್ತು ಒರಸಿದಳು.
ಹನ್ನೊಂದನೇದರ ಮ್ಯಾಲ
ಗಾಲೀಚದ ಅಂಚು ಎಳದಳು.

ಸಾಹೇಬ ಹೋದ. ನಿಜಾಮನ ರಾಜ್ಯ ಹೋತು.
ನಮ್ಮ ಮನಿಗೆ ಮೊದಲಿಂದ ಒಂದೇ ಬಾಗಲ.
ಆದರೂ ಆ ರಾತ್ರಿ ಬಂತಂದರ ಆಯಿ
ಬೂದಿ ಬಳದು, ಉದ್ರಿ ತೀರಿಸಿ,
ಮುತ್ಯಾನ ಕೈಯಾಗ ಉಪ್ಪು, ತಂಗಳ ರೊಟ್ಟಿ,
ಹಳಿ ಬದಿ ಆರಿಸಿದ ಕಲ್ಲಿದ್ದಲಿ ಕೊಟ್ಟು
ಹೊರಗ ದಬ್ಬಿ ಚಿಲಕಾ ಹಾಕತಿದ್ದಳು.

"ಹಳೇದು ಎಲ್ಲಿಂದ ಹೋಗಬೇಕ?" ಸಣ್ಣಾಕಿ ನಾನು, ಕೇಳಿದ್ದೆ.
ಬಿದಿರ ಕೋಲು ತಗೊಂಡು
ಮಾಳಿಗಿ ಗವಾಕ್ಷಿಯ ಕಲ್ಲು ಸರಿಸಿದಳು.
ಹೊಗಿ ಹೋತು.
ಎರಡು ಚುಕ್ಕಿ ಕಂಡವು.

ಮುತ್ಯಾ ಬಾಗಲ ಬಡದ.
ಆಕಿ ಲಗೂನ ತಗೀಲಿಲ್ಲ.
ಸೆರಗು ಸರಿ ಮಾಡಿಕೊಂಡು
ಬಂಗ್ಲೆದ ಮನಿಯಾಕಿ ಹಂಗ, ಗತ್ತಿನಾಗ ಕೇಳಿದಳು:
"ಯಾರದು?"

ಮಾತಾಡಬಾರದಲ್ಲ,
ಮತ್ತ ಬಡದ.